ಪೈಪ್ ಖಾಲಿ ಮಾಡಿದರೆ ಸಾಲದು

ಮಾನ್ಯರೇ,

ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಪ್ರವಾಸ ಹೋಗುವ ಕ್ಯಾಂಪರ್‌ವ್ಯಾನ್‌ಗಳ ಚಳಿಗಾಲದ ಆರೈಕೆ ಬಗ್ಗೆ ನಿಮ್ಮಲ್ಲಿ ಬಂದ ಬರಹ ಓದಿದೆ. ನೀರಿನ ಟ್ಯಾಂಕ್ ಮತ್ತು ಪೈಪ್ ಖಾಲಿ ಮಾಡಿ ಅನ್ನುವಲ್ಲಿಗೆ ಅದು ಮುಗಿದುಹೋಗಿದೆ. ಈ ವಾಹನಗಳ ಒಳಗಿನ ಉಪಕರಣ ರಿಪೇರಿ ಮಾಡುವುದು ನನ್ನ ಕೆಲಸ. ಚಳಿ ಕಳೆದ ಮೇಲೆ ನನ್ನ ಹತ್ತಿರ ಜಾಸ್ತಿ ಬರುವುದು ಸೀಳಿದ ವಾಲ್ವ್, ಬಿರುಕು ಬಿಟ್ಟ ಪಂಪ್.

ನೀರು ಹೆಪ್ಪುಗಟ್ಟಿದರೆ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ವಾಷಿಂಗ್ ಮೆಷಿನ್ ಹಿಂಬದಿಯ ವಾಲ್ವ್ ಒಡೆಯಲು ಒಂದೆರಡು ಚಮಚ ನೀರು ಸಾಕು. ನಲ್ಲಿಗಳನ್ನೆಲ್ಲ ತೆರೆದಿಟ್ಟರೂ ಆ ನೀರು ಹೋಗುವುದಿಲ್ಲ. ಮೆಷಿನ್ ನೀರು ತುಂಬಿಸಿಕೊಳ್ಳುವಾಗ ಮಾತ್ರ ಆ ವಾಲ್ವ್ ತೆರೆಯುತ್ತದೆ, ಅಲ್ವಾ? ಹಾಗಾಗಿ ಪೈಪಿಗೆ ಗುಲಾಬಿ ಬಣ್ಣದ ಆ್ಯಂಟಿಫ್ರೀಜ್ (ಹೆಪ್ಪುಗಟ್ಟದಂತೆ ತಡೆಯುವ ದ್ರವ) ಬಿಟ್ಟು, ಮೊದಲು ಬಿಸಿನೀರಿಗೆ, ಆಮೇಲೆ ತಣ್ಣೀರಿಗೆ ಇಟ್ಟು ಮೆಷಿನ್ ಓಡಿಸಬೇಕು. ಡ್ರಮ್ಮಿನಲ್ಲಿ ಗುಲಾಬಿ ಬಣ್ಣ ಕಂಡ ಮೇಲೆ ಅದನ್ನು ಹೊರಗೆ ಬಿಡಬೇಕು. ಆಗಲೇ ಮೆಷಿನ್ನಿನ ಪಂಪಿನೊಳಗೂ ಅದು ಇಳಿಯುವುದು. ಫ್ರಿಜ್ಜಿನಲ್ಲಿ ಐಸ್ ಮಾಡುವ ಯಂತ್ರವಿದ್ದರೆ ಅಲ್ಲೂ ಇಂಥದ್ದೇ ವಾಲ್ವ್ ಇರುತ್ತದೆ. ಅದನ್ನು ಹೆಚ್ಚಿನವರು ಮರೆತೇಬಿಡುತ್ತಾರೆ.

ವಾಟರ್ ಹೀಟರ್ ವಿಷಯದಲ್ಲಿ ಅವಸರ ಬೇಡ. ಮೊದಲು ಆಫ್ ಮಾಡಿ ಪೂರ್ತಿ ತಣಿಯಲು ಬಿಡಿ. ನೀರಿನ ಪಂಪ್ ನಿಲ್ಲಿಸಿ, ಬಿಸಿನೀರಿನ ನಲ್ಲಿ ತಿರುಗಿಸಿ ಒತ್ತಡ ಇಳಿಸಿದ ಮೇಲಷ್ಟೇ ಕೆಳಗಿನ ಪ್ಲಗ್ ಬಿಚ್ಚಿ. ಇಲ್ಲದಿದ್ದರೆ ಸುಡುನೀರು ಮೈಮೇಲೆ ಚಿಮ್ಮುತ್ತದೆ. ಖಾಲಿಯಾದ ಮೇಲೆ, ಪೈಪಿಗೆ ಆ್ಯಂಟಿಫ್ರೀಜ್ ಬಿಡುವ ಮೊದಲೇ, ಬೈಪಾಸ್ ವಾಲ್ವ್ (ಹೀಟರ್ ಒಳಗೆ ಹೋಗದೆ ಪಕ್ಕದಿಂದ ಸಾಗುವಂತೆ ಮಾಡುವ ವಾಲ್ವ್) ತಿರುಗಿಸದಿದ್ದರೆ ಅದೆಲ್ಲ ಹೀಟರ್ ಟ್ಯಾಂಕಿಗೇ ಸೇರಿ ದಂಡ. ಸ್ವಿಚ್ ಮೇಲೆ ‘ನೀರಿಲ್ಲ, ಹಾಕಬೇಡಿ’ ಎಂದು ಚೀಟಿ ಅಂಟಿಸಿ. ಖಾಲಿ ಟ್ಯಾಂಕಿಗೆ ಕರೆಂಟ್ ಕೊಟ್ಟರೆ ಒಳಗಿನ ಕಾಯಿಲ್ ನೋಡನೋಡುತ್ತಲೇ ಸುಟ್ಟುಹೋಗುತ್ತದೆ.

ಕಾರಿನ ರೇಡಿಯೇಟರ್‌ಗೆ ಹಾಕುವ ಆ್ಯಂಟಿಫ್ರೀಜ್ ಮಾತ್ರ ಖಂಡಿತ ಬೇಡ. ಅದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ. ನಾಳೆ ಮಕ್ಕಳು ಕುಡಿಯುವ ನೀರು ಬರುವುದು ಅದೇ ಪೈಪಿನಲ್ಲಿ. ಡಬ್ಬಿಯ ಮೇಲೆ ಪ್ರೊಪಿಲೀನ್ ಗ್ಲೈಕಾಲ್ ಎಂದಿದೆಯೇ, ಕುಡಿಯುವ ನೀರಿನ ಪೈಪಿಗೆ ಹಾಕಬಹುದು ಎಂದಿದೆಯೇ ಓದಿ ನೋಡಿ. ಬಣ್ಣ ನೋಡಿ ಸುಮ್ನೆ ನಂಬಬೇಡಿ.

ಫ್ರಿಜ್ ಆಫ್ ಮಾಡಿ ಒರೆಸಿ, ಬಾಗಿಲು ಸ್ವಲ್ಪ ತೆರೆದಿಡಿ. ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ.

ಈ ಕೆಲಸವನ್ನು ದುಡ್ಡು ತೆಗೆದುಕೊಂಡು ಮಾಡಿಕೊಡುವವರಿಗೆ ನನ್ನದೊಂದು ಒತ್ತಾಯವಿದೆ. ಬಿಲ್ಲಿನಲ್ಲಿ ‘ಚಳಿಗಾಲದ ಸಿದ್ಧತೆ’ ಎಂದು ಒಂದೇ ಸಾಲು ಬರೆದು ಕೈತೊಳೆದುಕೊಳ್ಳಬೇಡಿ. ಹೀಟರ್, ವಾಷಿಂಗ್ ಮೆಷಿನ್, ಐಸ್ ಯಂತ್ರ ಎಂದು ಒಂದೊಂದನ್ನೂ ಹೆಸರಿಸಿ, ಯಾವುದಕ್ಕೆ ಏನು ಮಾಡಿದ್ದೀರಿ ಎಂದು ಬರೆದುಕೊಡಿ. ಮಾಲೀಕರೂ ಅದನ್ನು ಕೇಳಿ ಪಡೆಯಲಿ.

– ಒಬ್ಬ ರಿಪೇರಿ ಕೆಲಸಗಾರ