ಪಿಎಂಎಸ್: ವೈದ್ಯರು ಮೊದಲು ತಾರೀಖು ಕೇಳಲಿ

ಮಾನ್ಯ ಸಂಪಾದಕರೇ,

ಮುಟ್ಟಿನ ನೋವು, ಸ್ವಚ್ಛತೆ, ಪ್ಯಾಡ್ ಬಗ್ಗೆ ಪತ್ರಿಕೆಗಳು ಈಗ ಮುಜುಗರವಿಲ್ಲದೆ ಬರೆಯುತ್ತಿವೆ, ಸಂತೋಷ. ಆದರೆ ಮುಟ್ಟಿಗೆ ಮುಂಚಿನ ವಾರ, ಹತ್ತು ದಿನ ಎಷ್ಟೋ ಹೆಣ್ಣುಮಕ್ಕಳು ಪಡುವ ಪಾಡು ಅಷ್ಟಾಗಿ ಕಾಣಿಸಿಕೊಂಡಿಲ್ಲ. ಈ ಪಾಡಿಗೆ ವೈದ್ಯರು ಪಿಎಂಎಸ್ (ಪ್ರೀಮೆನ್‌ಸ್ಟ್ರುವಲ್ ಸಿಂಡ್ರೋಮ್) ಎನ್ನುತ್ತಾರೆ. ಅದು ಹೆಂಗಸರ ಸಿಡುಕಿಗೆ ಕೊಟ್ಟ ನೆಪ ಎಂದೇ ಬಹಳ ಜನ ತಿಳಿದಿದ್ದಾರೆ.

ನನ್ನ ಮಗಳು ಕಾಲೇಜಿನಲ್ಲಿ ಓದುತ್ತಾಳೆ. ಎದೆ ಬಿಗಿದು ಕೈ ತಾಕಿದರೂ ನೋವು, ಹೊಟ್ಟೆ ಉಬ್ಬರ, ನಿದ್ದೆಯಿಲ್ಲ, ಓದಿದ್ದು ತಲೆಗೆ ಹತ್ತದು, ಸಣ್ಣ ಮಾತಿಗೂ ಅಳು. ಮುಟ್ಟು ಶುರುವಾಗಿ ಎರಡು ಮೂರು ದಿನಕ್ಕೆ ಎಲ್ಲ ತಾನಾಗಿಯೇ ಇಳಿಯುತ್ತಿತ್ತು. ಮೊದಲು ತೋರಿಸಿದ ವೈದ್ಯರು ರಕ್ತಪರೀಕ್ಷೆ ಮಾಡಿಸಿ, ‘ಹಾರ್ಮೋನ್ ಎಲ್ಲ ನಾರ್ಮಲ್, ಮನಸ್ಸು ಗಟ್ಟಿ ಮಾಡ್ಕೋಮ್ಮ’ ಎಂದು ಕಳಿಸಿದರು. ರಿಪೋರ್ಟು ಸುಳ್ಳಲ್ಲ. ಪಿಎಂಎಸ್ ಇರುವವರಲ್ಲೂ ಹಾರ್ಮೋನಿನ ಮಟ್ಟ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಅಂಡಾಣು ಬಿಡುಗಡೆಯಾದ ಮೇಲೆ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಏರಿ ಇಳಿಯುವುದು ಸಹಜ. ಆ ಏರಿಳಿತಕ್ಕೆ ಕೆಲವರ ಮಿದುಳು ಹೆಚ್ಚು ಸೂಕ್ಷ್ಮ, ಮನಸ್ಥಿತಿಗೆ ಸಂಬಂಧಿಸಿದ ಮಿದುಳಿನ ರಾಸಾಯನಿಕ ಸೆರೊಟೋನಿನ್‌ಗೂ ಇದರಲ್ಲಿ ಪಾತ್ರವಿದೆ. ರಿಪೋರ್ಟು ನೋಡಿ ‘ಏನೂ ಇಲ್ಲ’ ಎಂದುಬಿಡುವುದು ತಪ್ಪಾಗುವುದು ಇಲ್ಲಿಯೇ.

ಎರಡನೇ ವೈದ್ಯೆ ಕೇಳಿದ್ದು ಒಂದು ನೋಟ್‌ಬುಕ್. ಕನಿಷ್ಠ ಎರಡು ಮುಟ್ಟಿನ ಅವಧಿ, ದಿನಾ ಮಲಗುವ ಮುಂಚೆ ಪ್ರತಿ ತೊಂದರೆಗೆ 0ಯಿಂದ 3ರವರೆಗೆ ಅಂಕ ಹಾಕಬೇಕು. ನೆನಪು ಮಾಡಿಕೊಂಡು ತಿಂಗಳ ಕೊನೆಗೆ ಒಟ್ಟಿಗೆ ತುಂಬುವಂತಿಲ್ಲ. ಮಗಳು ಒಂದು ಕಡೆ ‘ಅಳು 3, ಎದೆ ನೋವು 3, ನಿದ್ದೆಗೇಡು 2. ಕ್ಲಾಸಿಂದ ಎದ್ದು ಬಂದೆ’ ಎಂದು ಬರೆದಿದ್ದಾಳೆ. ಮುಟ್ಟು ಮುಗಿದ ನಂತರದ ಸಾಲುಗಳಲ್ಲಿ ಬರೀ ಸೊನ್ನೆ. ಆ ಸೊನ್ನೆಗಳಿಂದಲೇ ಪಿಎಂಎಸ್ ಎಂದು ಖಚಿತವಾಯಿತು. ತಿಂಗಳಿಡೀ ಇರುವ ಖಿನ್ನತೆ, ಥೈರಾಯ್ಡ್ ತೊಂದರೆ, ರಕ್ತಹೀನತೆಯ ಸುಸ್ತು ಹೀಗೆ ಸೊನ್ನೆಗೆ ಇಳಿಯುವುದಿಲ್ಲ. ಮೈಗ್ರೇನ್, ಅಸ್ತಮಾ ಇರುವವರಿಗೆ ಮುಟ್ಟಿನ ಆಸುಪಾಸಿನಲ್ಲಿ ಅವೇ ಕೆರಳುವುದೂ ಉಂಟು. ಅದಕ್ಕೆ ಚಿಕಿತ್ಸೆ ಬೇರೆ.

ಮನಸ್ಸಿನ ಲಕ್ಷಣಗಳು ವಿಪರೀತವಾದರೆ ಅದು ಪಿಎಂಡಿಡಿ, ಅಂದರೆ ಪಿಎಂಎಸ್‌ನ ತೀವ್ರ ರೂಪ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 2013ರಲ್ಲಿ ಅದನ್ನು ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿದೆ. ಅದರಲ್ಲಿ ಸಾಯುವ ಯೋಚನೆಯೂ ಬರಬಹುದು. ಅಂಥ ಮಾತು ಕಿವಿಗೆ ಬಿದ್ದರೆ ನೋಟ್‌ಬುಕ್ ತುಂಬಲೆಂದು ಕಾಯಬೇಡಿ, ಅಂದೇ ವೈದ್ಯರ ಬಳಿ ಕರೆದೊಯ್ಯಿರಿ. ವ್ಯಾಯಾಮ, ಆಪ್ತಸಮಾಲೋಚನೆಯಿಂದ ಹಲವರಿಗೆ ಅನುಕೂಲವಾಗುತ್ತದೆ. ಬೇಕಾದವರಿಗೆ, ಖಿನ್ನತೆಗೂ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಮಾತ್ರೆಗಳಿವೆ. ವೈದ್ಯರು ಅವನ್ನು ಮುಟ್ಟಿಗೆ ಮುಂಚಿನ ಎರಡು ವಾರ ಮಾತ್ರ ಕೊಡುವುದೂ ಇದೆ.

ಇನ್ನೊಂದು ಮಾತು ನನ್ನನ್ನು ಕಾಡುತ್ತದೆ. ಹೆಣ್ಣು ನ್ಯಾಯವಾಗಿ ಸಿಟ್ಟಾದಾಗಲೂ ‘ಡೇಟ್ ಹತ್ತಿರ ಬಂತಾ?’ ಎಂದು ಕೇಳುವವರಿದ್ದಾರೆ. ಇದರಿಂದ ಅವಳ ದೂರೂ ಬಿದ್ದುಹೋಗುತ್ತದೆ, ನಿಜವಾಗಿ ನರಳುವವಳು ಬಾಯಿ ಬಿಡುವುದಕ್ಕೂ ಹೆದರುತ್ತಾಳೆ. ಮಗಳು ತನ್ನ ಗೆಳತಿಯರಿಗೂ ಹೇಳಿಕೊಂಡಿರಲಿಲ್ಲ.

ನಿಮ್ಮ ಆರೋಗ್ಯ ಪುಟದಲ್ಲಿ ಸ್ತ್ರೀರೋಗ ತಜ್ಞರಿಂದ ಇಂಥ ದಿನಚರಿಯ ಮಾದರಿಯೊಂದನ್ನು ಬರೆಸಿ, ಕತ್ತರಿಸಿ ಇಟ್ಟುಕೊಳ್ಳುವ ಹಾಗೆ ಅಚ್ಚು ಹಾಕಿ ಎಂದು ಕೇಳಿಕೊಳ್ಳುತ್ತೇನೆ. ತಾರೀಖಿನ ಕಾಲಂ ದೊಡ್ಡದಾಗಿರಲಿ.

– ಓರ್ವ ತಾಯಿ