ರೋಗ ಮುನ್ಸೂಚನೆಯ ಲೆಕ್ಕಕ್ಕೆ ಯಾವ ಅಂಶಗಳು ಬೇಕು?

ಮಾನ್ಯ ಸಂಪಾದಕರೇ,

ಯಾರಿಗೆ ಹೃದಯಾಘಾತವಾಗುವ ಸಂಭವ ಹೆಚ್ಚು, ಒಳರೋಗಿಗಳಲ್ಲಿ ಯಾರಿಗೆ ಸೆಪ್ಸಿಸ್ (ಸೋಂಕಿಗೆ ದೇಹದ ಪ್ರತಿಕ್ರಿಯೆ ಮಿತಿಮೀರಿ ಅಂಗಾಂಗಗಳಿಗೇ ಹಾನಿಯಾಗುವ ಸ್ಥಿತಿ) ಆಗಬಹುದು ಎಂದು ಮುಂಚಿತವಾಗಿ ಲೆಕ್ಕ ಹಾಕುವ ಗಣಿತದ ಮಾದರಿಗಳ ಸುದ್ದಿಯಲ್ಲಿ ನಿಖರತೆಯ ಮಾತೇ ಹೆಚ್ಚಾಗಿರುತ್ತದೆ. ಆ ಲೆಕ್ಕಕ್ಕೆ ಯಾವ ಅಂಶಗಳನ್ನು, ಯಾವ ಆಧಾರದ ಮೇಲೆ ಆರಿಸಿಕೊಂಡರು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಮೊದಲು ಕೇಳಬೇಕಾದದ್ದು ಅದನ್ನೇ.

ಹತ್ತಾರು ಅಂಶಗಳನ್ನು ಒಂದೊಂದಾಗಿ ಪರೀಕ್ಷಿಸಿ, ಪಿ-ಮೌಲ್ಯ (ನಿಜವಾದ ಸಂಬಂಧವಿಲ್ಲದಿದ್ದರೂ ಇಷ್ಟು ಸಂಬಂಧ ಆಕಸ್ಮಿಕವಾಗಿ ಕಾಣುವ ಸಂಭವ) 0.05ಕ್ಕಿಂತ ಕಡಿಮೆ ಬಂದವನ್ನು ಮಾತ್ರ ಉಳಿಸಿಕೊಳ್ಳುವ ರೂಢಿ ಇನ್ನೂ ಹೋಗಿಲ್ಲ. ರೋಗಕ್ಕೆ ಸಂಬಂಧವೇ ಇಲ್ಲದ 20 ಅಂಶಗಳನ್ನು ಹೀಗೆ ಜರಡಿ ಹಿಡಿದರೂ ಸರಾಸರಿ ಒಂದು ಆಕಸ್ಮಿಕವಾಗಿ ಉಳಿದುಕೊಳ್ಳುತ್ತದೆ. ರೋಗಿಗಳ ಸಂಖ್ಯೆ ಸಣ್ಣದಾಗಿದ್ದರೆ ನಿಜಕ್ಕೂ ಮುಖ್ಯವಾದುದೇ ಸೋರಿಹೋಗಬಹುದು. ಹಾಗೆ ಉಳಿದವುಗಳ ಪ್ರಭಾವ ಇದ್ದುದಕ್ಕಿಂತ ದೊಡ್ಡದಾಗಿ ಕಾಣುವುದರಿಂದ, ಮಾದರಿಯು ತಾನು ಕಲಿತ ರೋಗಿಗಳ ವಿಷಯದಲ್ಲಿ ಚೆನ್ನಾಗಿ ನಡೆದು ಹೊಸ ರೋಗಿಗಳ ವಿಷಯದಲ್ಲಿ ಎಡವುತ್ತದೆ. ಹೃದಯಾಘಾತದ ಮಾದರಿಯಿಂದ ಧೂಮಪಾನವೇ ಹೊರಬಿದ್ದರೆ ನಾವು ಶಂಕಿಸಬೇಕಾದದ್ದು ದತ್ತಾಂಶವನ್ನು, ಧೂಮಪಾನದ ಪಾತ್ರವನ್ನಲ್ಲ. ಆದ್ದರಿಂದ ವೈದ್ಯಕೀಯ ಜ್ಞಾನ ಮತ್ತು ಹಿಂದಿನ ಅಧ್ಯಯನಗಳ ಬಲದಿಂದ ಅಂಶಗಳ ಪಟ್ಟಿಯನ್ನು ದತ್ತಾಂಶ ನೋಡುವ ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು. ಅಂಶಗಳು ಹೆಚ್ಚಿದಷ್ಟೂ ಹೆಚ್ಚು ರೋಗಿಗಳ ದತ್ತಾಂಶ ಬೇಕಾಗುವುದರಿಂದ, ಪರೀಕ್ಷಿಸಿ ಕೈಬಿಟ್ಟ ಅಂಶಗಳನ್ನೂ ಎಣಿಕೆಗೆ ಸೇರಿಸಿಯೇ ಎಷ್ಟು ರೋಗಿಗಳು ಬೇಕೆಂದು ನಿರ್ಧರಿಸಬೇಕು.

ಅಷ್ಟೇ ಗಂಭೀರವಾದದ್ದು ಹೊತ್ತಿನ ವಿಚಾರ, ಅಂದರೆ ಆ ಅಂಶ ರೋಗದ ಶಂಕೆ ಮೂಡುವ ಮೊದಲೇ ತಿಳಿದಿತ್ತೇ ಎಂಬುದು. ಆ್ಯಂಟಿಬಯೋಟಿಕ್ ಬರೆದಿರುವುದನ್ನೇ ಸೆಪ್ಸಿಸ್‌ನ ಸೂಚಕವಾಗಿ ಬಳಸುವ ಮಾದರಿ, ವೈದ್ಯರು ಆಗಲೇ ಶಂಕಿಸಿದ್ದನ್ನು ಅವರಿಗೇ ಮರಳಿ ಹೇಳುತ್ತದೆ. ಕೊಟ್ಟ ಚಿಕಿತ್ಸೆಯೂ ಲೆಕ್ಕವನ್ನು ದಾರಿ ತಪ್ಪಿಸಬಲ್ಲದು. ನ್ಯುಮೋನಿಯಾ ಕುರಿತ ಮಾದರಿಯೊಂದು ಅಸ್ತಮಾ ಇರುವವರಿಗೆ ಸಾವಿನ ಅಪಾಯ ಕಡಿಮೆ ಎಂದು ಕಲಿತಿದ್ದ ಸಂಗತಿ 2015ರ ಸಂಶೋಧನಾ ಪ್ರಬಂಧವೊಂದರಿಂದ ಪ್ರಸಿದ್ಧವಾಯಿತು. ಅಂಥವರನ್ನು ನೇರವಾಗಿ ತೀವ್ರ ನಿಗಾ ಘಟಕಕ್ಕೆ ಸೇರಿಸಿ ಹೆಚ್ಚಿನ ಆರೈಕೆ ಕೊಡುತ್ತಿದ್ದುದೇ ಅವರು ಬದುಕುಳಿಯಲು ಕಾರಣವಾಗಿತ್ತು. ಆ ಮಾದರಿಯನ್ನು ನಂಬಿ ಅವರನ್ನು ಮನೆಗೆ ಕಳಿಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ನನಗೆ ಭಯವಾಗುತ್ತದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ, ಆ ಅಂಕಿಗಳ ಹಿಂದೆ ಚಿಕಿತ್ಸೆಯ ಪಾತ್ರವಿದೆ ಎಂಬುದನ್ನು ಗುರುತಿಸಲು ರೋಗಿಗಳನ್ನು ಬಲ್ಲ ವೈದ್ಯರೇ ಬೇಕಿತ್ತು.

ಇಂಥ ಮಾದರಿಗಳನ್ನು ವರದಿ ಮಾಡುವ ಕ್ರಮವನ್ನು ತಿಳಿಸುವ ‘ಟ್ರೈಪಾಡ್’ ಮಾರ್ಗಸೂಚಿ 2015ರಲ್ಲೇ ಬಂದಿದ್ದು, ಯಂತ್ರಕಲಿಕೆಯ (ದತ್ತಾಂಶದಿಂದ ಕಂಪ್ಯೂಟರ್ ತಾನೇ ಕಲಿಯುವ ವಿಧಾನ) ಮಾದರಿಗಳನ್ನೂ ಒಳಗೊಂಡು 2024ರಲ್ಲಿ ಪರಿಷ್ಕೃತವಾಗಿದೆ. ಹೊಸ ಮಾದರಿಯ ಸುದ್ದಿ ಪ್ರಕಟಿಸುವಾಗ ಅದರ ಅಂಶಗಳನ್ನು ಯಾರು, ಯಾವಾಗ, ಹೇಗೆ ಆರಿಸಿದರು ಎಂಬುದನ್ನು ನಿಮ್ಮ ವರದಿಗಾರರು ತಪ್ಪದೆ ಕೇಳಲಿ ಎಂದು ವಿನಂತಿಸುತ್ತೇನೆ.

ಇಂತಿ,
ನಿಮ್ಮ ಓದುಗ