ಸದ್ದು ಯಾವಾಗ ಬರುತ್ತದೆ, ಮೊದಲು ಅದನ್ನು ಬರೆದಿಡು

ಬನಶಂಕರಿ, ಬೆಂಗಳೂರು

ಪ್ರೀತಿಯ ಪುಟ್ಟಿಗೆ ಚಿಕ್ಕಪ್ಪನ ಆಶೀರ್ವಾದಗಳು.

ನಿನ್ನೆ ರಾತ್ರಿ ಫೋನ್ ಮಾಡಿದಾಗ ನಿನ್ನ ದನಿಯಲ್ಲೇ ಗೊತ್ತಾಯಿತು, ತುಂಬಾ ಹೆದರಿದ್ದೀಯ. ಗಾಡಿಯ ಸಾಲ ಇನ್ನೂ ತೀರಿಲ್ಲ. ಅಷ್ಟರಲ್ಲಿ ಅದು ಗಡಗಡ ಸದ್ದು ಮಾಡುತ್ತಿದೆ, ಗ್ಯಾರೇಜಿನವರು ಗೇರ್‌ಬಾಕ್ಸ್ ಬಿಚ್ಚಬೇಕು, ಒಂದೂವರೆ ಲಕ್ಷ ಆಗುತ್ತದೆ ಅಂದರೆ ಯಾರಿಗಾದರೂ ಎದೆ ಝಲ್ ಅನ್ನುತ್ತದೆ. ಫೋನಿನಲ್ಲಿ ಹೇಳಿದ್ದು ಅರ್ಧ ಮರೆತುಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಈ ಕಾಗದ ಗಾಡಿಯಲ್ಲೇ ಇಟ್ಟುಕೋ.

ಸದ್ಯಕ್ಕೆ ಯಾರಿಗೂ ಅಡ್ವಾನ್ಸ್ ಕೊಡಬೇಡ. ಗೇರ್‌ಬಾಕ್ಸ್ ಇಳಿಸಲು ಒಪ್ಪಬೇಡ. ಆ ಸದ್ದು ಎಲ್ಲಿಂದ ಬರುತ್ತಿದೆ ಅಂತ ಅವರು ನಿನಗೆ ಕೇಳಿಸಿ ತೋರಿಸಿಲ್ಲ, ಅಲ್ವಾ? ತೋರಿಸುವವರೆಗೆ ಅದು ಬರೀ ಊಹೆ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ನಾನು ಕೆಲಸ ಮಾಡುತ್ತಿದ್ದ ಒಂದು ಗ್ಯಾರೇಜಿಗೆ ಹೀಗೇ ಒಂದು ಆಟೊಮ್ಯಾಟಿಕ್ ಗಾಡಿ ಬಂದಿತ್ತು. ಇದೇ ಥರ ಗಡಗಡ ಸದ್ದು. ಗೇರ್‌ಬಾಕ್ಸ್ ಇಳಿಸಿದೆವು. ಬಿಚ್ಚಿದೆವು. ಒಳಗಿನ ಕ್ಲಚ್ ಪ್ಲೇಟು, ಸೀಲು ಎಲ್ಲ ಹೊಸದು ಹಾಕಿದೆವು. ಆ ಮನುಷ್ಯ ಬಿಲ್ ಕಟ್ಟಿ ಹೋದರು. ನಾಲ್ಕನೇ ದಿನ ವಾಪಸ್ ಬಂದರು, ಅದೇ ಸದ್ದು. ಆಮೇಲೆ ನಾನೇ ಗಾಡಿ ಕೆಳಗೆ ಮಲಗಿ ಒಂದೊಂದೇ ತಟ್ಟುತ್ತಾ ಹೋದೆ. ಸೈಲೆನ್ಸರ್ ಪೈಪಿನ ಮೇಲೆ ಒಂದು ತಗಡು ಇರುತ್ತದೆ, ಪೈಪಿನ ಕಾವು ಮೇಲಕ್ಕೆ ಬಡಿಯದಿರಲಿ ಅಂತ. ಹೀಟ್ ಶೀಲ್ಡ್ ಅನ್ನುತ್ತಾರೆ. ಅದರ ಬೋಲ್ಟಿನ ತೂತು ತುಕ್ಕು ಹಿಡಿದು ಅಗಲವಾಗಿತ್ತು. ಒಂದು ಕ್ಲಿಪ್ ಬಿಗಿದೆ, ಸದ್ದು ನಿಂತಿತು. ಅವರ ದುಡ್ಡು ವಾಪಸ್ ಕೊಡಿಸಲು ನನ್ನ ಕೈಲಿ ಆಗಲಿಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ನಿನಗೆ ಹಾಗಾಗಬಾರದು.

ಈಗ ನಿನ್ನ ಗಾಡಿಗೆ ಬರೋಣ. 50–60 ಕಿಲೋಮೀಟರ್ ವೇಗದಲ್ಲಿ, ಆಕ್ಸಿಲರೇಟರ್ ಮೇಲೆ ಹಗುರವಾಗಿ ಕಾಲಿಟ್ಟಾಗ ಸದ್ದು ಬರುತ್ತದೆ, ಜೋರಾಗಿ ತುಳಿದರೆ ಹೋಗುತ್ತದೆ ಅಂದೆ. ಇದು ಒಳ್ಳೆಯ ಗುರುತು.

ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಟಾರ್ಕ್ ಕನ್ವರ್ಟರ್ ಅಂತ ಒಂದು ದೊಡ್ಡ ಡಬ್ಬಿ ಇದೆ. ಒಳಗೆ ಪೂರ್ತಿ ಆಯಿಲ್. ನೀನು ಮದುವೆ ಮನೆಯಲ್ಲಿ ಉರುಳಿ ಪಾತ್ರೆಯ ನೀರಿಗೆ ಹೂ ಬಿಡುತ್ತೀಯಲ್ಲ, ಕೈಯಿಂದ ನೀರು ತಿರುಗಿಸಿದರೆ ಹೂವೂ ಅದರ ಜೊತೆ ತಿರುಗುತ್ತದೆ. ಹಾಗೇ ಎಂಜಿನ್ ಆಯಿಲನ್ನು ತಿರುಗಿಸುತ್ತದೆ, ಆಯಿಲ್ ಗೇರ್‌ಬಾಕ್ಸನ್ನು ತಿರುಗಿಸುತ್ತದೆ. ಆದರೆ ಹೂವು ಯಾವಾಗಲೂ ಕೈಗಿಂತ ಸ್ವಲ್ಪ ಹಿಂದೆ. ಅಷ್ಟು ಡೀಸೆಲ್ ದಂಡ. ಅದಕ್ಕೆ ಗಾಡಿ ಒಂದೇ ವೇಗದಲ್ಲಿ ಹೋಗುವಾಗ ಕನ್ವರ್ಟರ್ ಒಳಗಿನ ಒಂದು ಕ್ಲಚ್ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಒಟ್ಟಿಗೆ ಗಟ್ಟಿಯಾಗಿ ಹಿಡಿದುಬಿಡುತ್ತದೆ. ಲಾಕ್‌ಅಪ್ ಅಂತಾರೆ. ಆಗ ಎಂಜಿನ್ನಿನ ಒದೆತ ನೇರವಾಗಿ ಗೇರ್‌ಬಾಕ್ಸಿಗೆ ತಾಗದಿರಲಿ ಅಂತ ಅಲ್ಲಿ ಸ್ಪ್ರಿಂಗುಗಳಿರುತ್ತವೆ. ಡೀಸೆಲ್ ಎಂಜಿನ್ನಿನ ಒದೆತ ಜಾಸ್ತಿ. ಸ್ಪ್ರಿಂಗ್ ಸಡಿಲವಾದರೆ, ಮುರಿದರೆ, ಲಾಕ್ ಆದ ಹೊತ್ತಿನಲ್ಲೇ ಗಡಗಡ ಶುರು. ಜೋರಾಗಿ ತುಳಿದರೆ ಲಾಕ್ ಬಿಡುತ್ತದೆ, ಸದ್ದೂ ಹೋಗುತ್ತದೆ.

ಅಲ್ಲಿಗೆ ಗ್ಯಾರೇಜಿನವರು ಹೇಳಿದ್ದು ಸರಿ ಅನ್ನಿಸಬಹುದು. ಸ್ವಲ್ಪ ತಾಳು. ಲಾಕ್ ಆದಾಗ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು ಕೂಡ ಸ್ವಲ್ಪ ಇಳಿಯುತ್ತದೆ. ಸಡಿಲ ತಗಡು ಒಂದು ನಿರ್ದಿಷ್ಟ ಸುತ್ತಿಗೆ ಮಾತ್ರ ನಡುಗುತ್ತದೆ. ಹಾಗಾಗಿ ಹೀಟ್ ಶೀಲ್ಡ್ ಕೂಡ ಅದೇ ವೇಗದಲ್ಲಿ, ಅದೇ ಹಗುರ ಕಾಲಿಗೆ ಸದ್ದು ಮಾಡಬಹುದು. ಕಿವಿಗೆ ಎರಡೂ ಒಂದೇ. ಖರ್ಚಿನಲ್ಲಿ ಮಾತ್ರ ಭೂಮಿ ಆಕಾಶದಷ್ಟು ವ್ಯತ್ಯಾಸ.

ಎರಡನ್ನೂ ಬೇರೆ ಮಾಡುವುದು ಕಷ್ಟವಲ್ಲ. ಸದ್ದು ಬಂದಾಗ ಮೀಟರಿನಲ್ಲಿ ಎಂಜಿನ್ ಎಷ್ಟು ಸುತ್ತು ತೋರಿಸುತ್ತಿದೆ ಅಂತ ನೋಡು. ಪಕ್ಕದಲ್ಲಿ ಕೂತವರಿಗೆ ಬರೆದುಕೊಳ್ಳಲು ಹೇಳು. 1,500 ಅಂದುಕೋ. ಆಮೇಲೆ ಗಾಡಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಗೇರ್ ಲಿವರನ್ನು ಪಾರ್ಕಿನಲ್ಲಿಟ್ಟು ನಿಧಾನವಾಗಿ ಅದೇ 1,500ಕ್ಕೆ ಏರಿಸು. ಪಾರ್ಕಿನಲ್ಲಿ ಲಾಕ್‌ಅಪ್ ಆಗುವುದೇ ಇಲ್ಲ. ನಿಂತಲ್ಲೇ ಅದೇ ಸದ್ದು ಬಂದರೆ ಕಾರಣ ಲಾಕ್‌ಅಪ್ ಅಲ್ಲ. ತಗಡು ನೋಡಬೇಕು, ಸೈಲೆನ್ಸರಿನ ಕ್ಲಾಂಪ್, ಮುಂದಿನ ಬೆಲ್ಟಿನ ಪುಲ್ಲಿ ನೋಡಬೇಕು. ಎಂಜಿನ್ನನ್ನೂ ಕನ್ವರ್ಟರನ್ನೂ ಜೋಡಿಸುವ ಫ್ಲೆಕ್ಸ್‌ಪ್ಲೇಟ್ ಅಂತ ತೆಳ್ಳನೆಯ ಉಕ್ಕಿನ ತಟ್ಟೆ ಇದೆ. ಅದರ ಬೋಲ್ಟ್ ಸಡಿಲವಾದರೂ, ಅದು ಬಿರುಕು ಬಿಟ್ಟರೂ ನಿಂತಲ್ಲೇ ಟಕಟಕ ಅನ್ನುತ್ತದೆ. ಪಾರ್ಕಿನಿಂದ ಡ್ರೈವಿಗೆ ಹಾಕಿದರೆ ಆ ಸದ್ದು ಸಾಮಾನ್ಯವಾಗಿ ಬದಲಾಗುತ್ತದೆ. ಬೋಲ್ಟುಗಳನ್ನು ಕೆಳಗಿನ ಸಣ್ಣ ಕವರ್ ಬಿಚ್ಚಿ ನೋಡಬಹುದು. ಆ ಕವರೇ ರಸ್ತೆಯ ಹಂಪ್‌ಗೆ ತಗುಲಿ ಬಾಗಿ ತಟ್ಟೆಗೆ ಉಜ್ಜುವುದೂ ಉಂಟು. ನಮ್ಮ ಊರಿನ ಹಂಪುಗಳ ವಿಷಯ ನಿನಗೇ ಗೊತ್ತು.

ನಿಂತಾಗ ಬರಲಿಲ್ಲವಾ? ಹಾಗಾದರೆ ಓಡಿಸಿ ನೋಡಬೇಕು. 60ರಲ್ಲಿ ಹೋಗುವಾಗ ಲಿವರನ್ನು ಮ್ಯಾನ್ಯುಅಲ್ ಕಡೆಗೆ ಸರಿಸಿ ಒಂದು ಗೇರ್ ಕೆಳಗಿಳಿಸು. ವೇಗ ಅಷ್ಟೇ, ಎಂಜಿನ್ನಿನ ಸುತ್ತು ಮಾತ್ರ ಏರುತ್ತದೆ. ಸದ್ದು ಹೋದರೆ ಅದು ಎಂಜಿನ್ ಕಡೆಯದು ಇಲ್ಲವೇ ಕನ್ವರ್ಟರಿನದು. ವೇಗ ಅಷ್ಟೇ ಇದ್ದು ಸದ್ದೂ ಹಾಗೇ ಉಳಿದರೆ ಹಿಂದಿನದು. ಅಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳನ್ನು ತಿರುಗಿಸುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟು, ಕ್ರಾಸ್ ಅನ್ನುವ ಅದರ ಕೀಲು, ನಡುವಿನ ಬೇರಿಂಗು. ಕ್ರಾಸ್ ಹೊಸದು ಹಾಕಿಸಲು ಗೇರ್‌ಬಾಕ್ಸ್ ಮುಟ್ಟಬೇಕಿಲ್ಲ. ಸಾಮಾನು ಜೆ.ಸಿ. ರಸ್ತೆಯಲ್ಲಿ ಹುಡುಕೋಣ, ನಾನೇ ಜೊತೆಗೆ ಬರುತ್ತೇನೆ.

ಇದೆಲ್ಲ ಮಾಡುವ ಮೊದಲು ಹಿಂದಿನ ಸಾಮಾನು ಪೂರ್ತಿ ಇಳಿಸು. ಮಂಟಪದ ಕಬ್ಬಿಣದ ಚೌಕಟ್ಟು, ಜಾಕಿ, ಬಕೆಟ್ಟು, ಎಲ್ಲ.

ಆಯಿಲ್ ವಿಷಯ. ಈಗಿನ ಬಹಳಷ್ಟು ಆಟೊಮ್ಯಾಟಿಕ್ ಗಾಡಿಗಳಲ್ಲಿ ಗೇರ್‌ಬಾಕ್ಸಿಗೆ ಅಳತೆ ಕಡ್ಡಿ ಇರುವುದಿಲ್ಲ. ಸಮತಟ್ಟಾದ ಜಾಗದಲ್ಲಿ, ಎಂಜಿನ್ ಓಡುತ್ತಿರುವಾಗ, ಆಯಿಲ್ ಪುಸ್ತಕದಲ್ಲಿ ಬರೆದಷ್ಟು ಬಿಸಿಯಾದಾಗ ಮಾತ್ರ ಚೆಕ್ ಪ್ಲಗ್ ಬಿಚ್ಚಿ ನೋಡಬೇಕು. ಗಾಡಿಯ ಕಂಪ್ಯೂಟರಿಗೆ ಜೋಡಿಸಿ ನೋಡುವ ಸ್ಕ್ಯಾನರ್ ಇಲ್ಲದೆ ಆ ಬಿಸಿ ಸಾಮಾನ್ಯವಾಗಿ ಸರಿಯಾಗಿ ಗೊತ್ತಾಗುವುದಿಲ್ಲ. ಸುಮ್ನೆ ಬೆರಳು ಹಾಕಿ ನೋಡಿ ಸರಿ ಇದೆ ಅನ್ನುವವರನ್ನು ನಂಬಬೇಡ. ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಒಳಗೆ ಕ್ಲಚ್ ಸವೆದಿರಬಹುದು ಅಂತ. ಗೇರ್‌ಬಾಕ್ಸಿನ ಕೆಳಗೆ ಆಯಿಲ್ ನಿಲ್ಲುವ ಚೇಂಬರ್ ಬಿಚ್ಚಿದಾಗ ಅಲ್ಲಿರುವ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಅಂಟಿರುತ್ತದೆ. ಅದನ್ನು ತೋರಿಸಿ ಯಾರಾದರೂ ಹೆದರಿಸಿದರೆ ಹೆದರಬೇಡ, ಅದು ಎಲ್ಲ ಗಾಡಿಯಲ್ಲೂ ಇರುತ್ತದೆ. ಕೈಗೆ ಚುಚ್ಚುವಂಥ ಲೋಹದ ಚೂರು ಸಿಕ್ಕರೆ ಮಾತ್ರ ಹೆದರಬೇಕು.

ಸ್ಕ್ಯಾನರ್ ಹಾಕಿಸು, ಒಳ್ಳೆಯದೇ. ಪಿ0740, ಪಿ0741 ಅಂತ ದೋಷದ ಕೋಡ್ ಬಂದರೆ ಲಾಕ್‌ಅಪ್ ಕಡೆ ತೊಂದರೆ ಇದೆ ಅಂತ. ಆದರೆ ಏನೂ ಬರಲಿಲ್ಲ ಅಂದರೆ ಎಲ್ಲ ಸರಿ ಇದೆ ಅಂತಲ್ಲ. ಗಡಗಡ ಸದ್ದು ಕಂಪ್ಯೂಟರಿಗೆ ಕೇಳುವುದಿಲ್ಲ.

ಕೊನೆಗೆ ಕನ್ವರ್ಟರ್ ಕೆಟ್ಟಿದೆ ಅಂತಲೇ ಆಯಿತು ಅನ್ನು. ಆಗಲೂ ಗೇರ್‌ಬಾಕ್ಸ್ ಇಳಿಸಬೇಕು ನಿಜ. ಆದರೆ ಆಯಿಲ್ ಚೊಕ್ಕವಾಗಿದ್ದು, ಗೇರ್ ಸರಿಯಾಗಿ ಬೀಳುತ್ತಿದ್ದರೆ ಗೇರ್‌ಬಾಕ್ಸ್ ಬಿಚ್ಚುವ ಕಾರಣವೇ ಇಲ್ಲ. ಕನ್ವರ್ಟರ್ ಬದಲಿಸಿ, ಆಯಿಲ್ ಹೊಸದು ಹಾಕಿ ಏರಿಸಬಹುದು. ಇದನ್ನು ಅವರಿಗೆ ಬಾಯಿಬಿಟ್ಟು ಕೇಳು. ಹಳೆಯ ಪಾರ್ಟನ್ನು ನಿನ್ನ ಕೈಗೆ ಕೊಡಬೇಕು ಅಂತಲೂ ಮೊದಲೇ ಹೇಳು. ಹೆಣ್ಣುಮಗಳು, ಇವಳಿಗೇನು ಗೊತ್ತಾಗುತ್ತದೆ ಅನ್ನುವವರು ಗ್ಯಾರೇಜುಗಳಲ್ಲಿ ಇದ್ದಾರೆ. ನಾನು ಅವರ ಜೊತೆ ಕೆಲಸ ಮಾಡಿದ್ದೇನೆ. ನೀನು ಸುತ್ತು, ವೇಗ, ಗೇರ್ ಬರೆದ ಚೀಟಿ ಮುಂದಿಟ್ಟರೆ ಅವರ ಮಾತಿನ ರೀತಿಯೇ ಬದಲಾಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ಕಾಯಬೇಡ. ಎಂಜಿನ್ ಏರಿ ಗಾಡಿ ಮುಂದೆ ಹೋಗದಿದ್ದರೆ, ಸುಟ್ಟ ವಾಸನೆ ಬಂದರೆ, ಸದ್ದು ದಡದಡ ಅಂತ ದಪ್ಪವಾದರೆ ಅಲ್ಲೇ ಪಕ್ಕಕ್ಕೆ ನಿಲ್ಲಿಸು. ಹಗ್ಗ ಕಟ್ಟಿ ಎಳೆಸಬೇಡ. ಎಂಜಿನ್ ಆಫ್ ಆದರೆ ಗೇರ್‌ಬಾಕ್ಸಿನ ಪಂಪೂ ನಿಲ್ಲುತ್ತದೆ, ಆಯಿಲ್ ಸಿಗದೆ ಒಳಗಿನದೆಲ್ಲ ಉಜ್ಜಿಹೋಗುತ್ತದೆ. ನಾಲ್ಕು ಚಕ್ರವೂ ಮೇಲಿರುವ ಹಾಗೆ ಲಾರಿಯ ಮೇಲೆ ಹೇರಿಸಿ ತರಿಸು. ನಡುರಾತ್ರಿಯಾದರೂ ಸರಿ, ನನಗೆ ಫೋನ್ ಮಾಡು.

ಶನಿವಾರ ಮಾರ್ಕೆಟ್ಟಿನಿಂದ ಬಂದು ಹೂವೆಲ್ಲ ಇಳಿಸಿದ ಮೇಲೆ ಕನಕಪುರ ರಸ್ತೆಯಲ್ಲಿ ನೈಸ್ ರೋಡಿನ ಟೋಲ್ ಹತ್ತಿರ ಬಾ. ನಾನು ಬೆಳಿಗ್ಗೆ ಆರೂವರೆಗೆ ಅಲ್ಲಿರುತ್ತೇನೆ. ರಸ್ತೆ ಆ ಹೊತ್ತಿಗೆ ಖಾಲಿ ಇರುತ್ತದೆ. ನೀನು ಓಡಿಸು, ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತೇನೆ. ಟಾರ್ಚು, ಉದ್ದನೆಯ ಸ್ಕ್ರೂಡ್ರೈವರ್ ನಾನು ತರುತ್ತೇನೆ. ಎಂಜಿನ್ ತಣ್ಣಗಾದ ಮೇಲೆ ಕೆಳಗೆ ಮಲಗಿ ತಟ್ಟಿ ನೋಡಬೇಕು, ಒಂದು ಹಳೆಯ ಜಮಖಾನ ತೆಗೆದುಕೊಂಡು ಬಾ.

ನಿನ್ನ ಚಿಕ್ಕಪ್ಪ